ನಮ್ಮ ಕರೆವ್ವ ನೆಟ್ಟಗೆ ನಿಂತಳು

ಮುದುಕಿಯಾದವಳು ಮನೆಯಲ್ಲಿ ಕೈಬಿಡಬಾರದ ವಸ್ತು ಯಾವುದು ಎಂದು ಕೇಳಿದರೆ ಸೊಸೆಯಂದಿರೆಲ್ಲ ತಿಜೋರಿಯ ಕೀಲಿ ಎನ್ನುತ್ತಾರೆ. ಅದು ಸುಳ್ಳು. ತಿಜೋರಿಯ ಕೀಲಿಯನ್ನು ನಾನು ಎಂದೋ ಕೊಟ್ಟುಬಿಟ್ಟಿದ್ದೇನೆ. ಅದರೊಳಗೆ ನಾಲ್ಕು ಹಳೆ ಸೀರೆ, ಒಂದಿಷ್ಟು ನುಸಿಗುಳಿಗೆ ಬಿಟ್ಟರೆ ಮತ್ತೇನೂ ಇಲ್ಲ. ಕೈಬಿಡಬಾರದ್ದು ದೇವರ ಜಗಲಿ. ಜಗಲಿಗೆ ದೀಪ ಹಚ್ಚುವವಳು ಏಳುವ ತನಕ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಒಲೆ ಹೊತ್ತುವ ತನಕ ಚಹಾ ಇಲ್ಲ, ಚಹಾ ಇಲ್ಲದೆ ಗಂಡಸರಿಗೆ ಬಾಯಿ ಬರುವುದಿಲ್ಲ. ಅಂದರೆ ನಾನು ಎಷ್ಟು ಹೊತ್ತು ಮಲಗಿರುತ್ತೇನೋ ಅಷ್ಟು ಹೊತ್ತು ಮನೆಯವರೆಲ್ಲ ನನ್ನ ಕೈಯಲ್ಲಿ. ಭಕ್ತಿ ಗಿಕ್ತಿ ನನಗೆ ಬಹಳ ಇಲ್ಲ. ಮನೆಯಲ್ಲಿ ದೇವರಿದ್ದಾಳೆ, ಎಮ್ಮೆ ಇದೆ, ಎರಡಕ್ಕೂ ಹೊತ್ತಿಗೆ ಸರಿಯಾಗಿ ಹಾಕಬೇಕು, ಅಷ್ಟೇ.

ನಮ್ಮದು ಕೌಜಲಗಿ ಹತ್ತಿರದ ಹಳ್ಳಿ. ಕುರಿ ಕಾಯುವ ಮನೆತನ. ಈಗ ಕುರಿ ಕಡಿಮೆಯಾಗಿ ಗೋವಿನಜೋಳ ಹೆಚ್ಚಾಗಿದೆ, ಆದರೆ ಮನೆಯಲ್ಲಿ ಕಂಬಳಿಯ ವಾಸನೆ ಹಾಗೇ ಇದೆ. ಯಜಮಾನರೂ ಅವರ ತಮ್ಮನೂ ಬೇರೆಯಾದಾಗ ನಡುಮನೆಗೆ ಗೋಡೆ ಬಂತು. ಎಮ್ಮೆ, ಹಂಡೆ, ಬೀಸುವ ಕಲ್ಲು ಎಲ್ಲ ಪಾಲಾದವು. ದೇವರನ್ನು ಪಾಲು ಮಾಡಲು ಬರುವುದಿಲ್ಲವಲ್ಲ, ಹಿರಿಯ ಸೊಸೆ ಎಂದು ನನ್ನ ಕಡೆ ಉಳಿದಳು. ಅಂದಿನಿಂದ ನನ್ನ ನೆಗೆಣ್ಣಿ, ಆ ತಮ್ಮನ ಹೆಂಡತಿ ಬಾಳವ್ವ, ಗೋಡೆಯ ಆ ಕಡೆಯಿಂದ ಕಿವಿ ಕೊಟ್ಟು, ನಾನು ಯಾವ ದಿನ ದೀಪ ತಡ ಮಾಡುತ್ತೇನೆ ಎಂದು ಕಾಯುತ್ತ ಕುಳಿತಿದ್ದಾಳೆ. ನಾನೂ ಬರೀ ಅವಳಿಗೆ ಕೇಳಿಸಲಿ ಎಂದು ಗಂಟೆಯನ್ನು ಸ್ವಲ್ಪ ಜೋರಾಗಿಯೇ ಬಾರಿಸುತ್ತೇನೆ.

ದೇವರೆಂದರೆ ದೊಡ್ಡದೇನಲ್ಲ. ಹೆಬ್ಬೆರಳಿಗಿಂತ ತುಸು ಉದ್ದದ ಹಿತ್ತಾಳೆ ಕರೆವ್ವ. ಅತ್ತೆ, ಅತ್ತೆಯ ಅತ್ತೆ, ಅವಳ ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅವಳ ಮೂಗು, ಕಣ್ಣು, ಬಾಯಿ ಎಲ್ಲ ಸವೆದುಹೋಗಿವೆ. ಮುಖ ಎಂದರೆ ಒಂದು ಹೊಳಪು ಮಾತ್ರ. ಯಜಮಾನರು ಸಣ್ಣವರಿದ್ದಾಗ ಯಾರೂ ಇಲ್ಲದ ಹೊತ್ತು ನೋಡಿ ಕರೆವ್ವನಿಂದ ಹುಣಸೆಬೀಜ ಒಡೆದಿದ್ದರಂತೆ. ಬುಡ ನೆಗ್ಗಿತು. ಅವತ್ತಿನಿಂದ ಅವಳು ಎಡಕ್ಕೆ ವಾಲಿ ನಿಲ್ಲುತ್ತಾಳೆ, ಯಾರೋ ಬಾಜೂ ಮನೆಯ ಮಾತು ಕೇಳಿಸಿಕೊಳ್ಳುತ್ತಿರುವ ಹೆಂಗಸಿನ ಹಾಗೆ. ಅವಳು ವಾಲುವುದನ್ನು ನೋಡಿ ನೋಡಿ ನನಗೆ ಎಷ್ಟು ರೂಢಿಯಾಗಿದೆ ಎಂದರೆ ಬೇರೆಯವರ ಮನೆಯಲ್ಲಿ ನೆಟ್ಟಗೆ ನಿಂತ ದೇವರನ್ನು ಕಂಡರೆ ಸೊಕ್ಕಿನವಳು ಎನಿಸುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನ್ನ ಬಾಯಿ ಜೋರು. ಊರಿನಲ್ಲಿ ಎಲ್ಲರೂ ಬೈಯುತ್ತಾರೆ, ಆದರೆ ನನ್ನ ಬೈಗುಳ ನನ್ನದೇ. ‘ನಿನ್ನ ರೊಟ್ಟಿ ಹಂಚಿಗೆ ಹತ್ಲಿ’ ಎನ್ನುತ್ತೇನೆ. ಸತ್ತುಹೋಗು, ಮಣ್ಣಾಗು ಎಂದರೆ ಯಾರೂ ಹೆದರುವುದಿಲ್ಲ, ಅದು ಎಲ್ಲರಿಗೂ ಆಗುವುದೇ. ಹಂಚಿಗೆ ಅಂಟಿದ ರೊಟ್ಟಿ ಎಂದರೆ ಮಾತ್ರ ಹೆಂಗಸರು ಮುಖ ಸಣ್ಣದು ಮಾಡುತ್ತಾರೆ. ಸೊಸೆ ಸುರೇಖಾ ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿದ್ದಾಳೋ ಅವಳೇ ಹೇಳಬೇಕು.

ಕೆಲವು ವರ್ಷಕ್ಕೊಮ್ಮೆ ನಾವು ಮನೆದೇವರನ್ನು ಗುಡ್ಡದ ಹೊಂಡಕ್ಕೆ ಒಯ್ಯುತ್ತೇವೆ. ಹುಕ್ಕೇರಿ ದಾಟಿದ ಮೇಲೆ ಒಂದು ಕರಿಗುಡ್ಡವಿದೆ. ಅದರ ನೆತ್ತಿಯ ಮೇಲೆ ಕರೆವ್ವನ ಗುಡಿ, ಗುಡಿಯ ಮುಂದೆ ಹೊಂಡ. ಹೊಂಡ ಎಂದೇ ಕರೆಯುತ್ತೇವೆ, ಖರೆ ಎಂದರೆ ಅದು ದೊಡ್ಡ ಕೆರೆ. ಸುತ್ತ ಬಂಡೆಗಲ್ಲು, ನಡುವೆ ಇದ್ದಿಲು ಕಲಸಿದಂಥ ನೀರು. ಮನೆಯಲ್ಲಿರುವವಳು ಆ ಗುಡ್ಡದವಳ ಮಗಳಂತೆ, ಆಗಾಗ ತವರಿಗೆ ಹೋಗಿ ಮೈ ತೊಳೆದುಕೊಂಡು ಬರಬೇಕಂತೆ. ಕೆಳಗೆಲ್ಲ ಬಿಸಿಲಿಗೆ ಬಾವಿ ಬತ್ತಿದರೂ ಅದು ಬತ್ತುವುದಿಲ್ಲ. ಆದರೆ ಅಷ್ಟು ನೀರಿದ್ದೂ ಅಲ್ಲಿ ಒಂದು ಕಪ್ಪೆ ಇಲ್ಲ, ಕಪ್ಪೆ ಹೋಗಲಿ, ಸೊಳ್ಳೆಯೂ ಇಲ್ಲ. ಸುತ್ತ ಬಂಡೆ ಇದ್ದೂ ಕೂಗಿದರೆ ತಿರುಗಿ ದನಿ ಬರುವುದಿಲ್ಲ. ನಾನು ಹೊಸ ಸೊಸೆಯಾಗಿ ಹೋದಾಗ ಒಮ್ಮೆ ಕೂಗಿ ನೋಡಿದ್ದೆ. ಮಾತು ಬಾಯಿಂದ ಹೊರಟದ್ದು ಗೊತ್ತಾಯಿತು, ಎಲ್ಲಿಗೆ ಹೋಯಿತು ಗೊತ್ತಾಗಲಿಲ್ಲ. ಅತ್ತೆ ತಲೆಗೆ ಮೊಟಕಿ, “ಅಲ್ಲಿ ಕೊಟ್ಟದ್ದು ತಿರುಗಿ ಬರೂದಿಲ್ಲ, ಸುಮ್ಮನಿರು” ಎಂದಿದ್ದಳು.

ಅಲ್ಲಿಯ ಪದ್ಧತಿ ಹೀಗೆ. ದೇವರನ್ನು ತೊಳೆಯುವ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚುವವಳೊಬ್ಬಳೇ ಹೊಂಡದ ಬಳಿ ಇರಬೇಕು, ಉಳಿದವರು ಗುಡ್ಡದ ಬುಡದಲ್ಲಿ ಅಡುಗೆ ಮಾಡುತ್ತಿರಬೇಕು. ಹೆಂಗಸರೆಲ್ಲ ಬುಟ್ಟಿ ಬಾಜೂ ಇಟ್ಟುಕೊಂಡು ದಂಡೆಯ ಮೇಲೆ ಸಾಲಾಗಿ ಕೂರಬೇಕು. ಹೊತ್ತು ನೆತ್ತಿಗೆ ಬಂದಾಗ ಪೂಜಾರಿ ಗುಡಿಯೊಳಗೆ ಗಂಟೆ ಹೊಡೆಯುತ್ತಾನೆ. ಎಲ್ಲರೂ ಕಣ್ಣು ಮುಚ್ಚಬೇಕು, ಬಾಯಿಯನ್ನೂ ಮುಚ್ಚಬೇಕು. ಅವ್ವ ಮೈ ತೊಳೆದುಕೊಳ್ಳುವಾಗ ಯಾರೂ ನೋಡಬಾರದು. ಕಣ್ಣು ಮುಚ್ಚಿಕೊಂಡೇ ಹುಣಸೆಹಣ್ಣು ಹುಡುಕಿ, ದೇವರನ್ನು ತಿಕ್ಕಿ, ಹೊಂಡದಲ್ಲಿ ಮುಳುಗಿಸಿ, ತಡವರಿಸುತ್ತ ಬುಟ್ಟಿಗೆ ಹಾಕಬೇಕು. ಪೂಜಾರಿ ತಿರುಗಿ ಗಂಟೆ ಹೊಡೆದ ಮೇಲೆ ಕಣ್ಣು ತೆರೆಯಬೇಕು. ಅಷ್ಟು ಹೆಂಗಸರು ಒಂದೇ ಕಡೆ ಕೂತು ಬಾಯಿ ಮುಚ್ಚಿಕೊಂಡಿರುವುದನ್ನು ನೀವು ಎಲ್ಲಿಯೂ ನೋಡಿರಲಿಕ್ಕಿಲ್ಲ. ಅಲ್ಲಿಯೂ ನೋಡಲು ಬರುವುದಿಲ್ಲ, ಕಣ್ಣು ಮುಚ್ಚಿರುತ್ತದಲ್ಲ.

ಈ ಸಲ ಹೊರಡುವ ಮೊದಲೇ ಬಾಳವ್ವ ತಗಾದೆ ತೆಗೆದಳು.

“ಯಕ್ಕಾ, ನಿನಗ ಕಣ್ಣ ಸರಿ ಕಾಣ್ಸೂದಿಲ್ಲ, ಗುಡ್ಡಾ ಹತ್ತಾಕ ಆಗೂದಿಲ್ಲ. ದೇವರನ್ನ ನನ್ನ ಕೈಯಾಗ ಕೊಡು, ನಾ ಹೋಗಿ ಬರ್ತೇನಿ.”

“ಅಲ್ಲಿ ಕಣ್ಣ ಮುಚ್ಚೇ ತೊಳೀಬೇಕು. ಕಣ್ಣ ಕಾಣದಾಕಿನ ಅಲ್ಲಿ ಛಲೋ,” ಎಂದೆ.

“ಹಂಗಾರ ಎಲ್ಲಾರ ಮುಂದ ಹೇಳ್ತೇನಿ ಕೇಳು. ಈ ಸಲ ಅವ್ವಗ ಏನಾರ ಹೆಚ್ಚುಕಡಿಮಿ ಆತಂದ್ರ ಜಗಲಿ ನಮ್ಮ ಮನಿಗೆ ಬರ್ಬೇಕು.”

“ಆತು, ತಗೊಂಡ ಹೋಗು. ನಿನ್ನ ರೊಟ್ಟಿ ಹಂಚಿಗೆ ಹತ್ಲಿ!” ಎಂದುಬಿಟ್ಟೆ. ಸಿಟ್ಟಿನಲ್ಲಿ ಬೈಗುಳದ ಜೊತೆ ಮಾತನ್ನೂ ಕೊಟ್ಟೆ. ಕ್ರೂಸರ್ ಗಾಡಿಯಲ್ಲಿ ಕೂತಿದ್ದವರೆಲ್ಲ ಕೇಳಿಸಿಕೊಂಡರು. ನಮ್ಮವರಿಗೆ ಬೇರೆ ಯಾವುದೂ ಕೇಳಿಸುವುದಿಲ್ಲ, ಇಂಥದ್ದು ಕೇಳಿಸುತ್ತದೆ.

ಗುಡ್ಡ ಹತ್ತಿದೆ. ಹೇಗೆ ಹತ್ತಿದೆ ಎಂದು ನನ್ನ ಮೊಣಕಾಲನ್ನು ಕೇಳಿ. ಹೊಂಡದ ದಂಡೆಯ ತುದಿಗೆ ಜಾಗ ಸಿಕ್ಕಿತು. ನನ್ನ ಬಲಕ್ಕೆ ಮೂಡಲಗಿಯ ಮುದುಕಿ ಕೆಂಚವ್ವ ಎಂಬವಳು ಕೂತಿದ್ದಳು. ಎಡಕ್ಕೆ ಯಾರೂ ಇರಲಿಲ್ಲ, ಬಂಡೆ ಅಲ್ಲಿಗೆ ಮುಗಿದು ನೀರು ಇತ್ತು. ಕೆಂಚವ್ವ ನನ್ನ ಹತ್ತಿರ ಒಂದಿಷ್ಟು ಹುಣಸೆಹಣ್ಣು ಇಸಿದುಕೊಂಡು, ಹತ್ತಿಯ ಪೇಟೆಯ ಹಿಂದೆ ತನ್ನ ಮನೆ ಎಂದೂ, ತನ್ನ ಸೊಸೆ ಬೆಳಿಗ್ಗೆ ಏಳುವುದಿಲ್ಲವೆಂದೂ ಹೇಳಿದಳು. ನನ್ನ ಸೊಸೆ ಏಳುತ್ತಾಳೆ, ಎದ್ದು ಮೊಬೈಲ್ ನೋಡುತ್ತಾಳೆ ಎಂದು ನಾನೂ ಹೇಳಿದೆ. ಅಷ್ಟರಲ್ಲಿ ಗಂಟೆಯಾಯಿತು.

ಕಣ್ಣು ಮುಚ್ಚಿದೆ. ಮಟಮಟ ಮಧ್ಯಾಹ್ನ, ನೆತ್ತಿ ಸುಡುತ್ತಿತ್ತು. ಮೊದಲು ಹಿತ್ತಾಳೆ ತಿಕ್ಕುವ ಸದ್ದು, ಬಳೆಯ ಸದ್ದು, ಯಾರದೋ ಕೆಮ್ಮು ಕೇಳುತ್ತಿತ್ತು. ಆಮೇಲೆ ಒಂದೊಂದೇ ನಿಂತವು. ಯಾರೋ ಮೇಲಿನಿಂದ ಕಂಬಳಿ ಮುಚ್ಚಿದ ಹಾಗೆ. ನನ್ನ ಕರೆವ್ವನನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಇಳಿಸಿದೆ. ಮೊಣಕೈ ತನಕ ಕೈ ಮರಗಟ್ಟಿತು, ಅಂಥ ಬಿಸಿಲಲ್ಲಿ ಅಂಥ ತಂಪು. ಆಗ ನೀರೊಳಗೆ ಒಂದು ಕೈ ನನ್ನ ಕೈಗೆ ತಾಕಿತು. ಸಣ್ಣ ಕೈ, ಹೆಂಗಸಿನ ಕೈ. ಮುಂಗೈ ತುಂಬ ಬಳೆ. ಅದು ಅವಸರ ಮಾಡಲಿಲ್ಲ. ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿ ಕರೆವ್ವನನ್ನು ತೆಗೆದುಕೊಂಡಿತು. ನಾನು ಬೈಯಬೇಕೆಂದೆ, ಬಾಯಿ ತೆರೆಯುವಂತಿಲ್ಲ. ಕಣ್ಣು ಬಿಡಬೇಕೆಂದೆ, ಬಿಡುವಂತಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಕೈ ಹಿತ್ತಾಳೆಯನ್ನು ತಿರುಗಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಮೇಲೆ ಒಮ್ಮೆ ತಟ್ಟಿತು. ಹೋಗು ಎನ್ನುವ ಹಾಗೆ.

ಗಂಟೆಯಾಯಿತು. ಕಣ್ಣು ಬಿಟ್ಟರೆ ಎಲ್ಲ ಮೊದಲಿನಂತೆಯೇ ಇತ್ತು. ಹೆಂಗಸರು ಒಂದೇ ಸಲ ಮಾತಿಗೆ ಶುರು ಮಾಡಿದ್ದರು. ಕೆಂಚವ್ವ ಬುಟ್ಟಿಗೆ ಭಂಡಾರ ಹಾಕುತ್ತಿದ್ದಳು. ಈ ಮುದುಕಿಯೇ ಕಣ್ಣು ಮುಚ್ಚಿಕೊಂಡು ನನ್ನ ದೇವರನ್ನು ತನ್ನದೆಂದು ಹಿಡಿದಿರಬೇಕು ಎಂದುಕೊಂಡೆ. ಏಳುವಾಗ ಕಾಲು ಜಾರಿ ಬಂಡೆಯ ಮೇಲೆ ಕುಂಡಿ ಊರಿ ಬಿದ್ದೆ. ಸೊಂಟದಲ್ಲಿ ಏನೋ ಚಟಕ್ ಎಂದಿತು. ಬಾಳವ್ವನಿಗೆ ಗೊತ್ತಾಗಬಾರದೆಂದು ಹಲ್ಲು ಕಚ್ಚಿಕೊಂಡು ಗುಡ್ಡ ಇಳಿದೆ, ಕೆಳಗೆ ಅವಳು ಬಡಿಸಿದ ಕಡುಬನ್ನು ನಿಂತೇ ತಿಂದೆ.

ಮರುದಿನ ಬೆಳಿಗ್ಗೆ ಕರೆವ್ವನನ್ನು ಜಗಲಿಯ ಮೇಲೆ ಇಟ್ಟು ಕೈ ಮುಗಿಯಬೇಕೆಂದು ನೋಡಿದೆ. ಅವಳು ನೆಟ್ಟಗೆ ನಿಂತಿದ್ದಳು.

ಎತ್ತಿ ತಿರುಗಿ ಇಟ್ಟೆ. ನೆಟ್ಟಗೆ. ಆ ಕಡೆ ಸರಿಸಿದೆ, ಈ ಕಡೆ ಸರಿಸಿದೆ, ಅಡಿಗೆ ಅರಿಷಿಣದ ಅಕ್ಕಿ ಹಾಕಿ ಇಟ್ಟೆ. ಸೊಕ್ಕಿನವಳ ಹಾಗೆ ನೆಟ್ಟಗೇ. ಬುಡವನ್ನು ಹೆಬ್ಬೆರಳಿನಿಂದ ಸವರಿ ನೋಡಿದೆ, ಯಜಮಾನರು ಮಾಡಿದ ನೆಗ್ಗು ಬೆರಳಿಗೆ ಸಿಗಲಿಲ್ಲ. ಇವಳು ನಮ್ಮವಳಲ್ಲ, ಹೊಂಡದಲ್ಲಿ ಬದಲಾಗಿದ್ದಾಳೆ. ಗೋಡೆಯ ಆ ಕಡೆ ಬಾಳವ್ವ ಕೆಮ್ಮಿದಳು. ಅವಳಿಗೆ ಗೊತ್ತಾದರೆ ಜಗಲಿ ಹೋಯಿತು. ಜಗಲಿ ಹೋದರೆ ನಾನು ಈ ಮನೆಯಲ್ಲಿ ಮೂಲೆಯಲ್ಲಿಟ್ಟ ಒಡೆದ ಹಂಡೆ. ಚೆಂಡುಹೂವು ತಂದು ದೇವರ ಕುತ್ತಿಗೆ ತನಕ ಮುಚ್ಚಿ, ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದೆ.

ಆಮೇಲೆ ಮನೆ ಯಾಕೋ ಬೇರೆಯಾಯಿತು. ನಾಯಿ ನನ್ನನ್ನು ನೋಡಿ ಬಾಲ ಆಡಿಸುವುದಕ್ಕೆ ಮೊದಲು ಒಂದು ಗಳಿಗೆ ವಿಚಾರ ಮಾಡತೊಡಗಿತು. ಎಮ್ಮೆ ನನ್ನ ಕೈ ಕೆಚ್ಚಲಿಗೆ ತಾಕಿದ ಕೂಡಲೇ ಕಾಲು ಝಾಡಿಸಿತು. ಒಂದು ದಿನ ಸುರೇಖಾ ಮೊಬೈಲ್ ನೋಡುತ್ತ ಹಾಲು ಉಕ್ಕಿಸಿದಳು. ನಾನು ನೋಡಿ, “ಹೋಗ್ಲಿ ಬಿಡವ್ವಾ, ಇನ್ನೊಮ್ಮಿ ಕಾಸಿದ್ರ ಆತು,” ಎಂದೆ. ಸುರೇಖಾ ಕೈಯಲ್ಲಿದ್ದ ಇಕ್ಕಳ ಬಿಟ್ಟುಬಿಟ್ಟಳು. ಹಾಲು ಚೆಲ್ಲಿದ್ದಕ್ಕಿಂತ ಹೆಚ್ಚು ಹೆದರಿದಂತೆ ಕಂಡಳು. ನನಗೇ ಆಶ್ಚರ್ಯವಾಯಿತು. ಬೈಗುಳ ಗಂಟಲ ತನಕವೂ ಬಂದಿರಲಿಲ್ಲ. ಪರರ ಮನೆಯ ದೇವರು ಮನೆಯಲ್ಲಿದ್ದಾಳೆ, ಬೀಗರು ಬಂದಾಗ ದನಿ ತಗ್ಗಿಸುವುದಿಲ್ಲವೆ, ಹಾಗೆ ಇದೂ ಎಂದು ಸಮಾಧಾನ ಮಾಡಿಕೊಂಡೆ.

ಎಷ್ಟು ದಿನ ಹೂವು ಮುಚ್ಚಿಡಲು ಬರುತ್ತದೆ? ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ, ದೇವರನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮೂಡಲಗಿಯ ಬಸ್ಸು ಹತ್ತಿದೆ. ಬಾಜೂ ಕೂತವಳು ಮೂಗು ಮುಂದೆ ಮಾಡಿ, “ಡಬ್ಬ್ಯಾಗ ಏನ ತಂದೀರಿ ಯಮ್ಮಾ?” ಎಂದಳು. “ಪಲ್ಲೆ,” ಎಂದೆ. “ಎದರ ಪಲ್ಲೆರಿ?” ಎಂದಳು. ದೇವರಿಗೆ ಬದನೆಕಾಯಿ ಎಂದು ಹೆಸರಿಟ್ಟೆ. ಆ ಬಿಸಿಲಲ್ಲಿ ಡಬ್ಬಿ ಮಾತ್ರ ತಣ್ಣಗಿತ್ತು. ಹೊರಗೆಲ್ಲ ಬೆವರಿನಂತೆ ನೀರ ಹನಿ ಮೂಡಿ ನನ್ನ ತೊಡೆಯ ಮೇಲೆ ಸೀರೆ ತೊಯ್ದಿತು. ಆ ಹೆಂಗಸು ಒದ್ದೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಎದ್ದು ಬೇರೆ ಸೀಟಿಗೆ ಹೋದಳು. ಅವಳು ಏನೆಂದುಕೊಂಡಳೋ ನನಗೆ ಗೊತ್ತು. ಬದನೆಕಾಯಿ ಎಂದುಕೊಳ್ಳಲಿಲ್ಲ.

ಕೆಂಚವ್ವನ ಮನೆ ಸಿಕ್ಕಿತು. ಹೊತ್ತು ನೆತ್ತಿಗೇರಿತ್ತು, ಅವಳ ಸೊಸೆ ಇನ್ನೂ ಮಲಗಿದ್ದಳು. ಪಾಪ, ಕೆಂಚವ್ವ ಸುಳ್ಳು ಹೇಳಿರಲಿಲ್ಲ. ನೀರು ಕೊಟ್ಟು, ಬೆಲ್ಲ ಕೊಟ್ಟು ಕೂರಿಸಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.

“ಕೆಂಚವ್ವಾರ, ಸಿಟ್ಟಾಗಬ್ಯಾಡ್ರಿ. ಅವತ್ತ ಹೊಂಡದಾಗ ನಿಮ್ಮ ಕೈ ನನ್ನ ಕೈ ಕೂಡಿ ದೇವರು ಅದಲಬದಲ ಆಗ್ಯಾವ. ಇಕಿ ನಿಮ್ಮಾಕಿ. ನಮ್ಮಾಕಿನ್ನ ನನಗ ಕೊಟ್ಟಬಿಡ್ರಿ.”

ಕೆಂಚವ್ವ ಡಬ್ಬಿಯೊಳಗೆ ಇಣುಕಿದಳು, ಮುಟ್ಟಲಿಲ್ಲ. ಬೇರೆಯವರ ಮನೆದೇವರನ್ನು ಮುಟ್ಟಬಾರದಲ್ಲ. “ನಮ್ಮಾಕಿ ಅಲ್ಲೇ ಕುಂತಾಳ ನೋಡ್ರಿ,” ಎಂದು ಜಗಲಿ ತೋರಿಸಿದಳು. ಅಲ್ಲಿದ್ದವಳ ಮೂಗಿನಲ್ಲಿ ತೂತಿತ್ತು, ತೂತಿನಲ್ಲಿ ಕೆಂಪು ದಾರ. “ಆ ದಾರಾ ನಾನ ಹಾಕಿದ್ದು. ಅಕಿ ಎಲ್ಲೂ ಹೋಗಿಲ್ಲ.”

“ಮತ್ತ ನೀರಾಗ ನನ್ನ ಕೈ ಹಿಡದವರು ಯಾರ್ರಿ? ನೀವ ಅಲ್ಲೇನು?”

“ನಾ ನೀರಿಗೆ ಕೈನ ಹಚ್ಚಿಲ್ಲರಿ ಯಕ್ಕಾ. ನನಗ ಮೊಣಕಾಲ ಮಡಚಾಕ ಬರೂದಿಲ್ಲ. ಮ್ಯಾಲಿನ ಕಲ್ಲಿನ ಮ್ಯಾಲ ಕುಂತು ತಂಬಗಿಲೆ ನೀರ ಹಾಕೇನಿ.”

“ಬಳಿ ಇದ್ದೂರಿ ಆ ಕೈಯಾಗ. ಮುಂಗೈ ತುಂಬ.”

ಕೆಂಚವ್ವ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಬರಿದಾಗಿದ್ದವು. ಗಂಡ ಹೋದ ಮೇಲೆ ಅವಳು ಬಳೆ ತೊಟ್ಟಿಲ್ಲ. ಒಳಗೆ ಸೊಸೆ ಮಗ್ಗುಲು ಬದಲಿಸಿದ್ದು ಕೇಳಿಸಿತು.

“ನಿಮ್ಮ ಆ ಕಡೆ ಯಾರೂ ಇರ್ಲಿಲ್ಲ,” ಎಂದಳು ಕೆಂಚವ್ವ ಮೆಲ್ಲಗೆ. “ಬರೇ ನೀರ ಇತ್ತು. ಡಬ್ಬಿ ಮುಚ್ಚರಿ ಯಕ್ಕಾ. ಕಡೇ ಬಸ್ಸಿನ ತನಕ ಕೂಡಬ್ಯಾಡ್ರಿ, ಈಗ ಒಂದ ಬಸ್ ಐತಿ.” ಮೊದಲು ಊಟ ಮಾಡಿಕೊಂಡು ಹೋಗಿ ಎಂದಿದ್ದವಳು ಈಗ ಬಾಗಿಲ ತನಕ ನನ್ನ ಹಿಂದೆಯೇ ಬಂದು, ನಾನು ಹೊರಬಿದ್ದ ಮೇಲೆ ಹೊಸ್ತಿಲಿಗೆ ನೀರು ಹಾಕಿದಳು.

ಊರಿಗೆ ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಬಾಳವ್ವ ಕೂತಿದ್ದಳು. ಜಗಲಿ ಖಾಲಿ ಇರುವುದನ್ನು ನೋಡಿದ್ದಳು, ಈಗ ನನ್ನ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದಳು. ಓಣಿಯ ಹೆಂಗಸರನ್ನೂ ಕರೆಸಿ ಕೂರಿಸಿಕೊಂಡಿದ್ದಳು. ಇಷ್ಟು ವರ್ಷ ಕಾದ ಜಗಳ, ನೋಡುವವರಿಲ್ಲದೆ ಹೇಗೆ ಮಾಡುವುದು?

“ದೇವರನ್ನ ಡಬ್ಬ್ಯಾಗ ಹಾಕ್ಕೊಂಡ ಊರ ತಿರಗಾಕತ್ತಾಳ ನೋಡ್ರೆವ್ವಾ ಇಕಿ! ಎಲ್ಲಿ, ತಾ ಇಲ್ಲಿ!”

ನಾನು ಜಗಳ ಮಾಡಲಿಲ್ಲ. ಡಬ್ಬಿ ತೆರೆದು ದೇವರನ್ನು ಕೊಟ್ಟೆ. “ತಗೋ ಬಾಳವ್ವಾ. ಇಕಿ ನಮ್ಮಾಕಿ ಅಲ್ಲ. ಹೊಂಡದಾಗ ಬದಲಾಗ್ಯಾಳ. ನೆಟ್ಟಗ ನಿಂದ್ರತಾಳ,” ಎಂದೆ.

ಬಾಳವ್ವ ದೇವರನ್ನು ತಿರುಗಿಸಿ ಬುಡ ನೋಡಿದಳು, ಉಗುರಿನಿಂದ ಕೆರೆದಳು. “ಎಲ್ಲಿ ಬದಲಾಗ್ಯಾಳ? ನೆಗ್ಗ ಇಲ್ಲೇ ಐತೆಲ್ಲ. ಭಾವಗೋಳ ಬೀಜಾ ಒಡದದ್ದು.” ಒಳಗೆ ಹೋಗಿ ಜಗಲಿಯ ಮೇಲೆ ಇಟ್ಟಳು. ಹೆಂಗಸರೆಲ್ಲ ಬಾಗಿಲಲ್ಲಿ ಮುಗಿಬಿದ್ದು, ವಾಲ್ಯಾಳ, ಎಡಕ್ಕ ವಾಲ್ಯಾಳ ಎಂದರು. ನಾನು ನೋಡಿದರೆ ನೆಟ್ಟಗೇ ಇದ್ದಳು.

“ಯಕ್ಕಾ,” ಎಂದಳು ಬಾಳವ್ವ, ದನಿ ಇಳಿಸಿ, “ಅಕಿ ಮೊದಲಿನಂಗ ವಾಲ್ಯಾಳ. ಗುಡ್ಡದಿಂದ ಬಂದಾಗಿಂದ ನೀನೂ ಎಡಕ್ಕ ವಾಲೀದಿ. ಅದಕ್ಕ ನಿನಗ ನೆಟ್ಟಗ ಕಾಣಸ್ತಾಳ.”

ಬಿದ್ದ ಸೊಂಟ ನೆನಪಾಯಿತು. ನೀರಲ್ಲಿ ಮರಗಟ್ಟಿದ ಬೆರಳಿಗೆ ನೆಗ್ಗು ತಿಳಿಯದೆ ಹೋಗಿರಬಹುದು, ಅದೂ ಹೊಳೆಯಿತು. ಎಲ್ಲ ಸರಿಹೋಯಿತು ಎಂದು ನಾನು ನಕ್ಕುಬಿಟ್ಟೆ. ಬಾಳವ್ವ ನಗಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ನಾ ಓಣಿ ಮಂದೀನ ಕೂಡಿಸೇನಿ. ನಿನಗ ಕಳ್ಳಿ ಅಂದಂಗ ಮಾತಾಡೇನಿ. ನೀ ನನಗ ಬೈಲೇ ಇಲ್ಲಲ್ಲ ಯಕ್ಕಾ?” ಎಂದಳು. “ಒಮ್ಮಿ ಬೈಯಿ. ರೊಟ್ಟಿ ಮಾತ ಅನ್ನು.”

ಅನ್ನಬೇಕೆಂದೆ. ಆ ಮಾತು ಗೊತ್ತಿತ್ತು, ನಾಲಿಗೆಯ ಮೇಲೆ ಇರಲಿಲ್ಲ. ಬೇರೆಯವರ ಮನೆಯ ಕಪಾಟಿನಲ್ಲಿರುವ ಪಾತ್ರೆಯ ಹಾಗೆ ಕಾಣುತ್ತಿತ್ತು, ಕೈ ಹಾಕಲು ಮನಸ್ಸಾಗಲಿಲ್ಲ. ಸಮಾಧಾನ ಮಾಡೋಣವೆಂದು ಅವಳ ಕೈ ಹಿಡಿದೆ. ಬಾಳವ್ವ ಕಾದ ಹಂಚು ಮುಟ್ಟಿದವಳ ಹಾಗೆ ಕೈ ಕಿತ್ತುಕೊಂಡು, “ಎಷ್ಟ ತಣ್ಣಗ ಅದಾವ!” ಎಂದವಳು ಜಗಲಿಯನ್ನೂ ಕೇಳಲಿಲ್ಲ, ದೇವರನ್ನೂ ಎತ್ತಿಕೊಳ್ಳಲಿಲ್ಲ. ತನ್ನ ಮನೆಗೆ ಹೋಗಿ ಅಗಳಿ ಹಾಕಿಕೊಂಡಳು. ಈಗ ನಾನು ಎಷ್ಟು ತಡವಾಗಿ ದೀಪ ಹಚ್ಚಿದರೂ ಗೋಡೆಯ ಆ ಕಡೆಯಿಂದ ಕೆಮ್ಮು ಬರುವುದಿಲ್ಲ. ಜಗಲಿ ನನ್ನದೇ ಉಳಿಯಿತು. ಉಳಿಸಿಕೊಂಡವಳು ಯಾರು ಎಂಬುದರಲ್ಲಿ ಮಾತ್ರ ಊರವರಿಗೆ ಸ್ವಲ್ಪ ಅನುಮಾನ.

ಮೊನ್ನೆ ಸುರೇಖಾ ಹಿತ್ತಲಲ್ಲಿ ನಿಂತು ತನ್ನ ತಾಯಿಯ ಜೊತೆ ಮೊಬೈಲ್‌ನಲ್ಲಿ ಮಾತಾಡುತ್ತಿದ್ದಳು. “ಇಲ್ಲವ್ವಾ, ಈ ಅತ್ತಿ ಭಾಳ ಛಲೋ ಅದಾರ,” ಎಂದಳು. ಇರುವವಳು ನಾನೊಬ್ಬಳೇ ಅತ್ತೆ. ಈ ಅತ್ತೆ ಎಂದರೆ ಮತ್ತೆ ಆ ಅತ್ತೆ ಯಾವಳು? ಮೊದಲಾಗಿದ್ದರೆ ಇಷ್ಟಕ್ಕೇ ಜುಟ್ಟು ಹಿಡಿದು ಕೇಳುತ್ತಿದ್ದೆ. ಕೇಳದೆ ಎಮ್ಮೆಗೆ ನೀರಿಟ್ಟೆ. ಎಮ್ಮೆಗೆ ಈಗ ನನ್ನ ಕೈ ರೂಢಿಯಾಗಿದೆ.

ಹೋದ ಅಮಾವಾಸ್ಯೆಗೆ ಪಕ್ಕದ ಊರಿನ ಕೆಲವು ಹೆಂಗಸರು ಗುಡ್ಡಕ್ಕೆ ಹೋಗಿ ಬಂದರು. ದಾರಿಯಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತ ಹೇಳಿದರು. ಹೊಂಡ ಮೊದಲಿನ ಹಾಗಿಲ್ಲವಂತೆ. ಕಣ್ಣು ಮುಚ್ಚಿ ಕೂತರೆ ನೀರಿನ ಅಡಿಯಿಂದ ಗೊಣಗೊಣ ದನಿ ಬರುತ್ತದಂತೆ, ಯಾರೋ ಮುದುಕಿ ಒಂದೇ ಸಮ ಬೈಯುತ್ತಿರುವ ಹಾಗೆ. “ಏನಂತ ಬೈತೈತಿ?” ಎಂದು ಕೇಳಿದೆ. “ಏನೋ ರೊಟ್ಟಿ, ಹಂಚು ಅಂದಂಗ ಕೇಳಸ್ತೈತ್ರಿ ಯಮ್ಮಾ,” ಎಂದರು.

ಅವರು ಹೋದ ಮೇಲೆ ವಿಚಾರ ಮಾಡುತ್ತ ಕೂತೆ. ಅವಳನ್ನು ಕರೆದುಕೊಂಡು ಬರಬೇಕೇನೋ, ಮನೆ ಅವಳದು. ಆದರೆ ನಾನು ಹೋಗುವುದಿಲ್ಲ. ಅವಳ ಜಗಲಿಗೆ ದೀಪ ಹಚ್ಚಿ, ಅವಳ ಸೊಸೆಯ ಕೈಯ ಬಿಸಿ ರೊಟ್ಟಿ ತಿಂದುಕೊಂಡು ಆರಾಮಾಗಿ ಇದ್ದೇನೆ. ಕಂಡರೆ ಬಿಡುತ್ತಾಳೆಯೇ? ಆ ಮುದುಕಿಯ ಬಾಯಿ ಎಂಥದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು.